ಮುರಿದ ಗ್ಲೈಡರ್‌ಗೆ ಬಾಲ ಕೂಡಿಸಿಕೊಟ್ಟ ಬಂಪರ್ ಅಂಗಡಿ

ಕಲಬುರಗಿಯ ಹುಮ್ನಾಬಾದ್ ರಿಂಗ್ ರೋಡ್ ಕಡೆ ಕಾರಿನ ಬಂಪರ್, ನೀರಿನ ಟಾಕಿ ರಿಪೇರಿ ಮಾಡುವ ಸಣ್ಣ ಫೈಬರ್ ಅಂಗಡಿಯೊಂದಿದೆ. ಬೋರ್ಡಿಲ್ಲ. ಬಾಗಿಲ ಮುಂದೆ ಒಡೆದ ಬಂಪರ್‌ಗಳ ರಾಶಿ ಕಂಡರೆ ಅದೇ.

ನನ್ನದು ಎರಡು ಮೀಟರ್ ರೆಕ್ಕೆಯ, ರಿಮೋಟ್‌ನಲ್ಲಿ ಹಾರಿಸುವ ಗ್ಲೈಡರ್, ಅಂದರೆ ಗಾಳಿಯ ಬಲದಲ್ಲೇ ತೇಲುವ ಪುಟ್ಟ ವಿಮಾನ. ತೂಕ 900 ಗ್ರಾಂ. ತೊಗರಿ ರಾಶಿ ಮುಗಿದ ಮೇಲೆ ಆಳಂದ ದಾರಿಯ ನಮ್ಮ ಹೊಲದಲ್ಲಿ ಹಾರಿಸುತ್ತೇನೆ. ಎರಿ ನೆಲ ಕಾದು ಬಿಸಿಗಾಳಿ ಏಳುವ ಹೊತ್ತಿಗೆ ಹದ್ದುಗಳ ಪಕ್ಕದಲ್ಲೇ ಸುತ್ತು ಹಾಕುತ್ತದೆ. ಇಳಿಸುವಾಗ ಮಾತ್ರ ತೊಗರಿ ಕೂಳೆಯ ಭಯ. ಜನವರಿಯಲ್ಲಿ ಒಂದು ಕೂಳೆಗೆ ಬಾಲದ ಕೊಳವೆ ಬಡಿದು ಲಟಕ್ಕನೆ ಮುರಿಯಿತು.

ಮೊದಲು ಬೇರೆ ಕಡೆ ಕೊಟ್ಟಿದ್ದೆ. ಅವರು ಮುರಿದ ತುದಿಗಳನ್ನು ಜೋಡಿಸಿ, ಬಂಪರ್‌ಗೆ ಹಾಕುವ ಗಾಜಿನೆಳೆಯ ದಪ್ಪ ಮ್ಯಾಟ್ ಸುತ್ತಿ, ಮೇಲೆ ರೆಸಿನ್ (ಒಣಗಿ ಗಟ್ಟಿಯಾಗುವ ಅಂಟು) ಸುರಿದುಕೊಟ್ಟರು. ಕಲ್ಲಿನಂತೆ ಗಟ್ಟಿ, ಆದರೆ ತೇಪೆಯೇ 45 ಗ್ರಾಂ! ಗುರುತ್ವ ಕೇಂದ್ರದಿಂದ ತೇಪೆ 50 ಸೆಂಟಿಮೀಟರ್ ಹಿಂದೆ, ಮೂಗು 25 ಸೆಂಟಿಮೀಟರ್ ಮುಂದೆ. ಸಮತೋಲಕ್ಕೆ ಮೂಗಿನಲ್ಲಿ 90 ಗ್ರಾಂ ಸೀಸ ತುಂಬಬೇಕಾಯಿತು. ಭಾರ ಹೆಚ್ಚಾಗಿ ವೇಗವಾಗಿ ಇಳಿಯಿತು, ಎರಡನೇ ದಿನವೇ ಮತ್ತೆ ಮುರಿಯಿತು. ಮುರಿದದ್ದು ತೇಪೆಯಲ್ಲಲ್ಲ, ತೇಪೆ ಮುಗಿಯುವ ಅಂಚಿನಲ್ಲಿ. ಬಿರುಸಾದ ಭಾಗ ಬಾಗುವುದಿಲ್ಲ, ಒತ್ತಡವೆಲ್ಲ ಅದರ ಅಂಚಿಗೆ ಬಂದು ಕೂಡುತ್ತದೆ.

ಅದನ್ನು ಎತ್ತಿಕೊಂಡು ಈ ಅಂಗಡಿಗೆ ಹೋದೆ. ಅಂಗಡಿಯ ಕಾಕಾ ಐದು ನಿಮಿಷ ಮಾತಾಡಲಿಲ್ಲ. ಒಂದು ರೂಪಾಯಿ ನಾಣ್ಯದಿಂದ ಕೊಳವೆಯುದ್ದಕ್ಕೂ ಟಕ್ ಟಕ್ ಎಂದು ಬಡಿಯುತ್ತಾ ಹೋದರು. ಒಂದು ಕಡೆ ಸದ್ದು ಮಂದವಾಯಿತು. ಅಲ್ಲಿ ಪೆನ್ಸಿಲ್‌ನಿಂದ ಗೆರೆ ಹಾಕಿ, "ಅಕ್ಕೋರ, ಮುರಿದದ್ದು ಇಲ್ಲಿ, ಆದ್ರ ಒಳಗ ಪದರ ಬಿಟ್ಟದ್ದು ಇಲ್ಲೀತನ" ಅಂದರು. ನನಗೆ ನಂಬಿಕೆ ಬಂದದ್ದು ಆ ಗೆರೆ ನೋಡಿಯೇ.

ಹಳೇ ತೇಪೆ ಕಿತ್ತು, ಒಂದು ಮಿಲಿಮೀಟರ್ ದಪ್ಪದ ಗೋಡೆಯನ್ನು ಎರಡೂ ಕಡೆ ಸುಮಾರು ನಾಲ್ಕು ಸೆಂಟಿಮೀಟರ್ ಉದ್ದಕ್ಕೆ ಪಾಲಿಶ್ ಪೇಪರ್‌ನಿಂದ ಇಳಿಜಾರಾಗಿ ಉಜ್ಜಿದರು. "ಗಟ್ಟಿ ದಪ್ಪಕ್ಕ ಬರಂಗಿಲ್ರಿ, ಉದ್ದಕ್ಕ ಬರ್ತದ." ನಾನು ಒಯ್ದಿದ್ದ ತೆಳು ನೇಯ್ಗೆಯ ಗ್ಲಾಸ್ ಬಟ್ಟೆಯನ್ನು ಎಳೆಗಳು ಓರೆಯಾಗಿ ಬರುವಂತೆ ಕತ್ತರಿಸಿ, ಚಿಕ್ಕದರ ಮೇಲೆ ದೊಡ್ಡದು ಎಂದು ಮೂರು ಪದರ ಕೂರಿಸಿದರು. ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಹಳೇ ಸೈಕಲ್ ಟ್ಯೂಬಿನ ಪಟ್ಟಿ ಬಿಗಿಯಾಗಿ ಸುತ್ತಿದಾಗ ಹೆಚ್ಚಿನ ರೆಸಿನ್ ಜೇನಿನಂತೆ ಹೊರಗೆ ಒಸರಿತು. ಬಾಲದ ತುದಿಯಿಂದ ಎರಡೂ ರೆಕ್ಕೆಗಳ ತುದಿಗೆ ದಾರ ಹಿಡಿದು, ಅಳತೆ ಸಮ ಬಂದ ಮೇಲೆಯೇ ಒಣಗಲು ಬಿಟ್ಟರು. ಎರಡು ದಿನ ನೆರಳು, ಆಮೇಲೆ ಬಿಸಿಲು. ಇಲ್ಲಿ ಹಾಕಿದ ರೆಸಿನ್ ಎಪಾಕ್ಸಿ ಎಂಬ ಜಾತಿಯದು, ಬಿಸಿಗೆ ಅದು ಇನ್ನಷ್ಟು ಗಟ್ಟಿಯಾಗುತ್ತದೆ.

ರೆಕ್ಕೆಯ ಬುಡವೂ ಒಡೆದಿತ್ತು, ಒಳಗೆ ಥರ್ಮಾಕೋಲ್. ತಮ್ಮ ಬಂಪರ್ ರೆಸಿನ್‌ನ ಒಂದು ಹನಿಯನ್ನು ಬೇರೆ ಥರ್ಮಾಕೋಲ್ ತುಂಡಿನ ಮೇಲೆ ಬಿಟ್ಟು ತೋರಿಸಿದರು, ಕರಗಿ ಗುಳಿ ಬಿತ್ತು. ಆಮೇಲೆ ಎಪಾಕ್ಸಿಯನ್ನೇ ಹಚ್ಚಿದರು.

1957ರಲ್ಲಿ ಜರ್ಮನಿಯಲ್ಲಿ ಹಾರಿದ ಫೀನಿಕ್ಸ್, ಫೈಬರ್‌ಗ್ಲಾಸಿನಲ್ಲಿ ಕಟ್ಟಿದ ಮೊದಲ ಗ್ಲೈಡರ್. ಅಂಥ ದೊಡ್ಡ ಗ್ಲೈಡರ್‌ಗಳ ರಿಪೇರಿಯಲ್ಲೂ ಇಂಥ ಉದ್ದನೆಯ ಇಳಿಜಾರೇ ಬೇಕು ಎಂದು ಹೇಳಿದಾಗ ಕಾಕಾ ಮುಖ ಅರಳಿತು. ಆದರೆ ಮನುಷ್ಯರು ಕೂರುವ ಗ್ಲೈಡರ್‌ನ ಕೆಲಸ ಪರವಾನಗಿ ಇದ್ದವರದ್ದೇ, ದಯವಿಟ್ಟು ಅದನ್ನು ಇಲ್ಲಿಗೆ ಒಯ್ಯಬೇಡಿ.

ನಾಲ್ಕು ದಿನ ಅಂದವರು ಒಂಬತ್ತು ದಿನ ಮಾಡಿದರು, ಬಿಳಿ ಬಣ್ಣವೂ ಪೂರ್ತಿ ಹೊಂದಿಲ್ಲ. 1,200 ರೂಪಾಯಿ ತೆಗೆದುಕೊಂಡರು. ಪಕ್ಕದ ಸರಾಫರ ತಕ್ಕಡಿಯಲ್ಲಿ ಮೊದಲೂ ಆಮೇಲೂ ತೂಗಿಸಿದೆವು: ಬಾಲಕ್ಕೆ ಬಿದ್ದದ್ದು 11 ಗ್ರಾಂ. ಮೂಗಿನ ಸೀಸ 22 ಗ್ರಾಂ ಉಳಿಸಿ ಉಳಿದದ್ದೆಲ್ಲ ತೆಗೆದೆ.

ತೆಳು ಬಟ್ಟೆ ಅವರ ಹತ್ತಿರ ಇರುವುದಿಲ್ಲ, ನೀವೇ ತರಿಸಿಕೊಂಡು ಹೋಗಿ. ಮುರಿದ ಚೂರುಗಳನ್ನೂ ಹೊಲದಲ್ಲಿ ಬಿಡದೆ ಆರಿಸಿಕೊಂಡು ಒಯ್ಯಿರಿ, ಅವನ್ನು ಜೋಡಿಸಿ ನೋಡಿಯೇ ಕಾಕಾ ಅಳತೆ ಹಿಡಿಯುತ್ತಾರೆ.