ಕೇಂಬ್ರಿಡ್ಜ್ ಸೈನ್ಸ್ ಪಾರ್ಕ್: ಸ್ಟಾರ್ಟಪ್‌ಗೆ ಒಗ್ಗುವ ಜಾಗವೇ?

ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ ಟ್ರಿನಿಟಿ ಕಾಲೇಜು 1970ರಲ್ಲಿ ಶುರುಮಾಡಿದ ಈ ಪಾರ್ಕ್ (ತಂತ್ರಜ್ಞಾನ, ಸಂಶೋಧನಾ ಕಂಪನಿಗಳ ಕಟ್ಟಡಗಳ ಆವರಣ) 'ಸಿಲಿಕಾನ್ ಫೆನ್' ಎನ್ನುವ ಅಲ್ಲಿನ ತಂತ್ರಜ್ಞಾನ ಕಂಪನಿಗಳ ಗುಂಪಿನ ಹಿರಿಯಣ್ಣ. ಊರಿನ ಉತ್ತರ ಅಂಚಿನಲ್ಲಿದ್ದರೂ ಓಡಾಟಕ್ಕೆ ತೊಂದರೆಯಿಲ್ಲ: 2017ರಲ್ಲಿ ಶುರುವಾದ ಕೇಂಬ್ರಿಡ್ಜ್ ನಾರ್ತ್ ನಿಲ್ದಾಣದಿಂದ ಲಂಡನ್‌ಗೆ ನೇರ ರೈಲಿದೆ. ಸೈಕಲ್ ಇದ್ದರೆ ಇನ್ನೂ ಸಲೀಸು. ಕಾರು ನೆಚ್ಚಿಕೊಂಡವರಿಗೆ ಮಾತ್ರ ಸಂಜೆ ಮಿಲ್ಟನ್ ರಸ್ತೆಯ ದಟ್ಟಣೆ ತಲೆನೋವು.

ಮೂರ್ನಾಲ್ಕು ಜನರ ಸಾಫ್ಟ್‌ವೇರ್ ತಂಡಕ್ಕೆ ಪಾರ್ಕಿನೊಳಗಿನ ಬ್ರಾಡ್‌ಫೀಲ್ಡ್ ಸೆಂಟರಿನಂಥ, ಹಲವು ಕಂಪನಿಗಳು ಹಂಚಿಕೊಳ್ಳುವ ಜಾಗವೇ ಸರಿ. ಸ್ವಂತ ಗುತ್ತಿಗೆಗೆ ಹೋಗುವವರು ಬಾಡಿಗೆಯ ಅಂಕಿಯೊಂದನ್ನೇ ನೋಡಿ ಮೋಸಹೋಗುತ್ತಾರೆ. ಅದರ ಮೇಲೆ ಸರ್ವಿಸ್ ಚಾರ್ಜ್ (ಕಟ್ಟಡದ ನಿರ್ವಹಣೆಯ ಪಾಲು), ಬಿಸಿನೆಸ್ ರೇಟ್ಸ್ (ವ್ಯಾಪಾರದ ಜಾಗದ ಮೇಲಿನ ತೆರಿಗೆ), ಅನೇಕ ಕಟ್ಟಡಗಳಲ್ಲಿ 20% ವ್ಯಾಟ್ ಕೂಡ ಬೀಳುತ್ತದೆ. ಒಂದೇ ಜಾಗ ಹೊಂದಿದ್ದು ಅದರ ರೇಟಬಲ್ ವ್ಯಾಲ್ಯೂ (ಈ ತೆರಿಗೆಗಾಗಿ ಸರ್ಕಾರ ಜಾಗಕ್ಕೆ ಕಟ್ಟುವ ಮೌಲ್ಯ) 12,000 ಪೌಂಡ್ ದಾಟದಿದ್ದರೆ ರೇಟ್ಸ್ ಪೂರ್ತಿ ಮನ್ನಾ ಆಗುತ್ತದೆ, ಆದರೆ ಅರ್ಜಿ ಹಾಕಬೇಕು. ಗುತ್ತಿಗೆ 1954ರ ಭೂಮಾಲೀಕ-ಬಾಡಿಗೆದಾರ ಕಾಯ್ದೆಯ ರಕ್ಷಣೆಯಿಂದ ಹೊರಗಿದೆಯೇ ಎಂದು ವಕೀಲರಿಂದ ಓದಿಸಿ. ಹೊರಗಿದ್ದರೆ ಅವಧಿ ಮುಗಿದ ಮೇಲೆ ನವೀಕರಣದ ಹಕ್ಕಿಲ್ಲ. ಬ್ರೇಕ್ ಕ್ಲಾಸ್‌ನ (ಅವಧಿಗೆ ಮೊದಲೇ ಗುತ್ತಿಗೆ ಮುಗಿಸಲು ಬಿಡುವ ಷರತ್ತಿನ) ನೋಟಿಸು ಒಂದು ದಿನ ತಡವಾದರೂ ಕೆಲಸಕ್ಕೆ ಬಾರದು. ಬಿಡುವಾಗ ಜಾಗವನ್ನು ಮೊದಲಿನಂತೆ ಮಾಡಿಕೊಡುವ ಖರ್ಚು ಬೇರೆ. ಒಳಬರುವ ದಿನವೇ ಫೋಟೊ ಸಮೇತ ಸ್ಥಿತಿಪಟ್ಟಿ ಮಾಡಿಸಿ ಗುತ್ತಿಗೆಗೆ ಲಗತ್ತಿಸಿ.

ಲ್ಯಾಬ್ ಬೇಕಾದವರು ಫ್ಯೂಮ್ ಕಪ್ಬೋರ್ಡಿನ (ರಾಸಾಯನಿಕದ ಹೊಗೆಯನ್ನು ಹೊರಗೆಳೆಯುವ ಕಪಾಟಿನ) ಹೊಗೆನಾಳ, ನೆಲದ ಭಾರ ತಾಳಿಕೆ, ವಿದ್ಯುತ್ ಸಾಮರ್ಥ್ಯ ಮೊದಲೇ ಕೇಳಲಿ. ಆಫೀಸು ಕಟ್ಟಡಕ್ಕೆ ಆಮೇಲೆ ಗಾಳಿಯ ವ್ಯವಸ್ಥೆ ಜೋಡಿಸುವುದು ದುಬಾರಿ, ಕೆಲವೆಡೆ ಅಸಾಧ್ಯ. ಆಸ್ಪತ್ರೆಯ ರೋಗಿಗಳ ಜತೆ ನಿತ್ಯದ ಕೆಲಸವಿರುವ ಕಂಪನಿಗಳಿಗಂತೂ ಊರಿನ ದಕ್ಷಿಣದಲ್ಲಿರುವ ಬಯೋಮೆಡಿಕಲ್ ಕ್ಯಾಂಪಸ್ಸೇ ಮೇಲು. ಆಡನ್‌ಬ್ರೂಕ್ಸ್ ಆಸ್ಪತ್ರೆ ಅಲ್ಲೇ ಇದೆ.