ಕೆಲಸ ಬಿಟ್ಟು ನರ್ಸಿಂಗ್ ಓದುವವರಿಗೆ: ಬಿಎಸ್ಸಿ, ಜಿಎನ್‌ಎಂ, ಎಎನ್‌ಎಂಗಳಲ್ಲಿ ಯಾವುದು ಯಾರಿಗೆ

ಬಿಪಿಒ, ಬ್ಯಾಂಕು, ಶಾಲೆ, ಅಂಗಡಿ ಎಂದು ಕೆಲವು ವರ್ಷ ದುಡಿದು ಆಮೇಲೆ ನರ್ಸಿಂಗ್ ಕಡೆ ಹೊರಳುವವರು ಮೊದಲು ಕೇಳುವುದು ‘ಯಾವ ಕಾಲೇಜು ಚೆನ್ನಾಗಿದೆ?’ ಎಂದು. ಅದಕ್ಕಿಂತ ಮುಂಚೆ ಪಿಯುಸಿ ಅಂಕಪಟ್ಟಿಯನ್ನೂ ಹುಟ್ಟಿದ ದಿನಾಂಕವನ್ನೂ ಎದುರಿಗಿಟ್ಟುಕೊಂಡು ಕೂರಬೇಕು. ಕರ್ನಾಟಕದಲ್ಲಿ ಯಾವ ಕೋರ್ಸು ನಿಮಗೆ ಸಿಗುತ್ತದೆ ಎಂಬುದನ್ನು ಮುಖ್ಯವಾಗಿ ಅವೆರಡೇ ತೀರ್ಮಾನಿಸುತ್ತವೆ. ನಡುವೆ ಮಾಡಿದ ಬಿಕಾಂ, ಬಿಇ, ಕೆಲಸದ ಅನುಭವ ಯಾವುದೂ ಲೆಕ್ಕಕ್ಕೆ ಬರುವುದಿಲ್ಲ. ಬೇರೆ ಪದವಿ ಇರುವವರಿಗೆಂದೇ ಅಮೆರಿಕದಲ್ಲಿರುವ ಒಂದು, ಒಂದೂವರೆ ವರ್ಷದ ಕೋರ್ಸು ನಮ್ಮಲ್ಲಿಲ್ಲ. ಹದಿನೆಂಟರ ಹುಡುಗ ಹುಡುಗಿಯರ ಜೊತೆ ಮೊದಲ ಬೆಂಚಿನಿಂದಲೇ ಶುರುಮಾಡಬೇಕು.

ಬಿಎಸ್ಸಿ ನರ್ಸಿಂಗ್ ನಾಲ್ಕು ವರ್ಷ, ಎಂಟು ಸೆಮಿಸ್ಟರ್. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು, ಮೂರರಲ್ಲೂ ಸೇರಿ ಶೇ. 45 ಅಂಕ ಬಂದಿರಬೇಕು (ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ. 40), ಇಂಗ್ಲಿಷ್ ಪಾಸಾಗಿರಬೇಕು. ಭಾರತೀಯ ನರ್ಸಿಂಗ್ ಕೌನ್ಸಿಲ್ 2021ರಲ್ಲಿ ತಂದ ಹೊಸ ನಿಯಮದಲ್ಲಿ ಪ್ರವೇಶಕ್ಕೆ ಗರಿಷ್ಠ ವಯಸ್ಸು 35. ಸರ್ಕಾರಿ ಕೋಟಾದ ಸೀಟು ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಮೂಲಕ ಹಂಚಿಕೆಯಾಗುತ್ತದೆ, ಪರೀಕ್ಷೆ ಮತ್ತು ಪದವಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ್ದು. ಡೀಮ್ಡ್ ವಿಶ್ವವಿದ್ಯಾಲಯಗಳದು ಬೇರೆ ವ್ಯವಸ್ಥೆ. ಅರ್ಹತೆ ಇದ್ದು, ನಾಲ್ಕು ವರ್ಷ ಮನೆ ನಡೆಸುವ ದಾರಿಯೂ ಇದ್ದರೆ ಇದನ್ನೇ ಆರಿಸಿ. ಎಂಎಸ್ಸಿ, ಬೋಧನೆ, ಸರ್ಕಾರಿ ನೇಮಕಾತಿ, ವಿದೇಶ, ಎಲ್ಲ ಕಡೆಗೂ ಇಲ್ಲಿಂದ ನೇರ ದಾರಿ ಇದೆ.

ಎಂಜಿನಿಯರುಗಳು ಹೆಚ್ಚಾಗಿ ಎಡವುವುದು ಇಲ್ಲಿ. ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಜೊತೆ ಕಂಪ್ಯೂಟರ್ ಸೈನ್ಸ್ ಅಥವಾ ಎಲೆಕ್ಟ್ರಾನಿಕ್ಸ್ ಓದಿದವರಿಗೆ ವಿಜ್ಞಾನದ ಪಿಯುಸಿ ಇದೆ, ಆದರೆ ಜೀವಶಾಸ್ತ್ರ ಇಲ್ಲ. ಹಾಗಾಗಿ ಬಿಎಸ್ಸಿಗೆ ಅರ್ಹರಲ್ಲ. ಕೇಂದ್ರದ ಮುಕ್ತ ಶಾಲೆ ಎನ್‌ಐಒಎಸ್‌ನಲ್ಲಿ ಬೇಕಾದ ವಿಷಯವನ್ನಷ್ಟೇ ಬರೆಯುವ ‘ಪಾರ್ಟ್ ಅಡ್ಮಿಷನ್’ ಇದೆ, ಜೀವಶಾಸ್ತ್ರದ ಕೋಡ್ 314. ಆದರೆ ಅದರಲ್ಲಿ ಸಿಗುವುದು ಆ ವಿಷಯದ ಅಂಕಪಟ್ಟಿ ಮಾತ್ರ, ಹೊಸ ಪ್ರಮಾಣಪತ್ರವಲ್ಲ. ಹಳೆಯ ಪಿಯುಸಿ ಅಂಕಪಟ್ಟಿಗೆ ಇದನ್ನು ಜೋಡಿಸಿದರೆ ಒಪ್ಪುತ್ತಾರೆಯೇ ಎಂದು ಕೆಇಎ ಮತ್ತು ವಿಶ್ವವಿದ್ಯಾಲಯದಿಂದ ಪರೀಕ್ಷೆ ಶುಲ್ಕ ಕಟ್ಟುವ ಮುಂಚೆಯೇ ಲಿಖಿತವಾಗಿ ಪಡೆಯಿರಿ. ‘ಅದೆಲ್ಲ ಆಗುತ್ತೆ, ನಾವು ನೋಡ್ಕೋತೀವಿ’ ಎಂದು ಅಡ್ಮಿಷನ್ ಆಫೀಸಿನವರು ಹೇಳಿದ್ದನ್ನು ನಂಬಿ ಸೇರಿದರೆ, ಅರ್ಹತೆ ಪರಿಶೀಲಿಸುವ ಹಂತದಲ್ಲಿ ಹೆಸರು ಬಿದ್ದುಹೋಗಬಹುದು. ಎನ್‌ಐಒಎಸ್‌ನಲ್ಲಿ ಇಂಗ್ಲಿಷ್ ಮತ್ತು ವಿಜ್ಞಾನ ವಿಷಯಗಳನ್ನು ತೆಗೆದುಕೊಂಡು ಇಡೀ ಹನ್ನೆರಡನೆಯ ತರಗತಿ ಮುಗಿಸಿದವರನ್ನು ಕೌನ್ಸಿಲ್ ನಿಯಮವೇ ಒಪ್ಪುತ್ತದೆ. ಒಂದು ವರ್ಷ ಹೋದರೂ ಈ ದಾರಿಯಲ್ಲಿ ಅನುಮಾನಕ್ಕೆ ಎಡೆ ಕಡಿಮೆ.

ಕಾಮರ್ಸ್, ಆರ್ಟ್ಸ್ ಓದಿದವರಿಗೆ ಜಿಎನ್‌ಎಂ (ಜನರಲ್ ನರ್ಸಿಂಗ್ ಅಂಡ್ ಮಿಡ್‌ವೈಫರಿ) ಇದೆ. ಮೂರು ವರ್ಷದ ಡಿಪ್ಲೊಮಾ, ಪರೀಕ್ಷೆ ನಡೆಸುವುದು ರಾಜ್ಯದ ಡಿಪ್ಲೊಮಾ ನರ್ಸಿಂಗ್ ಪರೀಕ್ಷಾ ಮಂಡಳಿ. ವಿಜ್ಞಾನದವರಿಗೆ ಆದ್ಯತೆ ಇದ್ದರೂ ಯಾವ ವಿಭಾಗದ ಪಿಯುಸಿಯಾದರೂ ನಡೆಯುತ್ತದೆ, ಒಟ್ಟು ಶೇ. 40, ಇಂಗ್ಲಿಷಿನಲ್ಲೂ ಶೇ. 40 ಬೇಕು. ವಯಸ್ಸಿನ ಮಿತಿ ಇಲ್ಲೂ 35. ಮುಗಿಸಿದರೆ ಸಿಗುವ ನೋಂದಣಿ ಬಿಎಸ್ಸಿಯವರದೇ ಆರ್‌ಎನ್‌ಆರ್‌ಎಂ (ನೋಂದಾಯಿತ ನರ್ಸ್, ನೋಂದಾಯಿತ ಮಿಡ್‌ವೈಫ್). ಡಿಪ್ಲೊಮಾ ಎಂದು ಇದನ್ನು ಹಗುರವಾಗಿ ಕಾಣುವುದು ತಪ್ಪು. ಮುಂದೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ ಮಾಡಿದರೆ ಪದವಿಯೂ ಕೈಗೆ ಬರುತ್ತದೆ. ಒಟ್ಟು ಐದು ವರ್ಷ, ಅಂದರೆ ನೇರ ಬಿಎಸ್ಸಿಗಿಂತ ಒಂದು ವರ್ಷ ಹೆಚ್ಚು. ಆದರೆ ಮೂರನೆಯ ವರ್ಷ ಮುಗಿದ ಕೂಡಲೇ ಸಂಬಳ ಶುರುವಾಗುತ್ತದೆ. ಸಂಸಾರ ಇರುವವರಿಗೆ ಇದು ಸಣ್ಣ ಮಾತಲ್ಲ. ನೋಂದಣಿಯಾಗಿ ಎರಡು ವರ್ಷ ಕೆಲಸ ಮಾಡಿದವರು ಇಗ್ನೋ ಮುಕ್ತ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆ ಬರೆದು, ಕೆಲಸದಲ್ಲಿದ್ದುಕೊಂಡೇ ಪೋಸ್ಟ್ ಬೇಸಿಕ್ ಮಾಡಬಹುದು; ಅದಕ್ಕೆ ಕನಿಷ್ಠ ಮೂರು ವರ್ಷ ಹಿಡಿಯುತ್ತದೆ. ಜೀವಶಾಸ್ತ್ರ ಓದದ, ಮೂವತ್ತು ದಾಟಿದವರಿಗೆ ನಮ್ಮ ಶಿಫಾರಸು ಈ ಜೋಡಿಯೇ.

ಎಎನ್‌ಎಂ (ಆಕ್ಸಿಲಿಯರಿ ನರ್ಸ್ ಮಿಡ್‌ವೈಫ್) ಎರಡು ವರ್ಷ, ಮಹಿಳೆಯರಿಗೆ. ಇದು ಉಪಕೇಂದ್ರ, ಲಸಿಕೆ, ಗರ್ಭಿಣಿ ಬಾಣಂತಿಯರ ಆರೈಕೆ, ಮನೆಭೇಟಿಗಾಗಿ ರೂಪಿಸಿದ ಕೋರ್ಸು. ಊರಿನಲ್ಲೇ ಇದ್ದು ಸಮುದಾಯ ಆರೋಗ್ಯದಲ್ಲಿ ದುಡಿಯುವ ಮನಸ್ಸಿದ್ದರೆ ಸರಿ. ಐಸಿಯು, ಆಪರೇಷನ್ ಥಿಯೇಟರ್, ವಿದೇಶದ ಗುರಿ ಇದ್ದವರು ‘ಒಂದು ವರ್ಷ ಉಳಿಯುತ್ತೆ’ ಎಂದು ಇದನ್ನು ಆರಿಸಬಾರದು. ಇದರಿಂದ ಆರ್‌ಎನ್ ನೋಂದಣಿ ಸಿಗದು, ಮತ್ತೆ ಜಿಎನ್‌ಎಂ ಓದಬೇಕಾಗುತ್ತದೆ.

ಆರು ತಿಂಗಳ ‘ಹೋಂ ನರ್ಸಿಂಗ್’, ಒಂದು ವರ್ಷದ ‘ನರ್ಸಿಂಗ್ ಅಸಿಸ್ಟೆಂಟ್’, ‘ಜನರಲ್ ಡ್ಯೂಟಿ ಅಸಿಸ್ಟೆಂಟ್’ ಸರ್ಟಿಫಿಕೇಟುಗಳಿಂದ ಯಾರೂ ನರ್ಸ್ ಆಗುವುದಿಲ್ಲ. ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ಇವಕ್ಕೆ ನೋಂದಣಿ ಇಲ್ಲ. ‘ಕ್ಲಾಸಿಗೆ ಬರದಿದ್ರೂ ನಡೆಯುತ್ತೆ, ಪರೀಕ್ಷೆಗೆ ಬಂದ್ರೆ ಸಾಕು’ ಎಂಬ ಬಿಎಸ್ಸಿ, ಜಿಎನ್‌ಎಂಗಳಂತೂ ಇನ್ನೂ ಅಪಾಯ. ಕೆಲಸ ಬಿಡಲು ಹಿಂಜರಿಯುವವರನ್ನೇ ಏಜೆಂಟರು ಇದಕ್ಕೆ ಹಿಡಿಯುವುದು. ಬಿಎಸ್ಸಿ ನಿಯಮದಂತೆ ಪರೀಕ್ಷೆಗೆ ಕೂರಲು ಪ್ರತಿ ವಿಷಯದ ಥಿಯರಿ ಮತ್ತು ಪ್ರಾಕ್ಟಿಕಲ್‌ನಲ್ಲಿ ಶೇ. 80 ಹಾಜರಿ ಬೇಕು, ಪದವಿ ಸಿಗುವ ಮುನ್ನ ಪ್ರಾಕ್ಟಿಕಲ್ ಪೂರ್ತಿ ಶೇ. 100 ಆಗಿರಬೇಕು. ಮಗುವಿನ ತೂಕಕ್ಕೆ ತಕ್ಕ ಡೋಸ್ ಲೆಕ್ಕ ಹಾಕುವುದನ್ನು ವಾರ್ಡಿನಲ್ಲಿ ಕಲಿಯದೆ ಕೈಗೆ ಸಿರಿಂಜ್ ಬಂದರೆ ಅಪಾಯ ರೋಗಿಗೆ.

ಇನ್ನು ಕಾಲೇಜು. ಕಟ್ಟಡ, ಎಸಿ ಲ್ಯಾಬು, ಬ್ರೋಷರ್ ಬಿಟ್ಟು ಆಸ್ಪತ್ರೆ ನೋಡಿ. ಬೇಕಾಗಿರುವುದು ಸ್ವಂತದ, ಕನಿಷ್ಠ 100 ಹಾಸಿಗೆಯ ಆಸ್ಪತ್ರೆ. ಒಬ್ಬ ವಿದ್ಯಾರ್ಥಿಗೆ ಮೂವರು ರೋಗಿಗಳು ಎಂಬುದು ಕೌನ್ಸಿಲ್ ಅನುಪಾತ. ನೂರು ಹಾಸಿಗೆಯಲ್ಲಿ 75 ತುಂಬಿದ್ದರೆ ಏಕಕಾಲಕ್ಕೆ 25 ವಿದ್ಯಾರ್ಥಿಗಳಿಗೆ ಮಾತ್ರ ಕೆಲಸ ಸಿಗುತ್ತದೆ. ವರ್ಷಕ್ಕೆ 60 ಜನರನ್ನು ಸೇರಿಸಿಕೊಂಡರೆ ನಾಲ್ಕು ವರ್ಷಕ್ಕೆ 240 ಮಂದಿ. ಉಳಿದವರನ್ನು ಎಲ್ಲಿಗೆ ಕಳಿಸುತ್ತೀರಿ, ಆ ಆಸ್ಪತ್ರೆಯೊಂದಿಗಿನ ಒಪ್ಪಂದ ತೋರಿಸಿ ಎಂದು ಕೇಳಿ. ಹತ್ತು ವಿದ್ಯಾರ್ಥಿಗೆ ಒಬ್ಬ ಬೋಧಕರೆಂಬ ಲೆಕ್ಕದಲ್ಲಿ ಅಲ್ಲಿ 24 ಬೋಧಕರಿರಬೇಕು, ಹೆಸರುಪಟ್ಟಿಯಲ್ಲಲ್ಲ, ಕಾಲೇಜಿನಲ್ಲಿ. ಹೆರಿಗೆ ವಾರ್ಡಿನ ಬಗ್ಗೆ ಬೇರೆಯಾಗಿ ವಿಚಾರಿಸಿ: ಹಲವು ಕಾಲೇಜುಗಳ ವಿದ್ಯಾರ್ಥಿಗಳು ಒಂದೇ ಜಿಲ್ಲಾಸ್ಪತ್ರೆಯ ಲೇಬರ್ ರೂಮಿನಲ್ಲಿ ಮುಗಿಬಿದ್ದರೆ ಲಾಗ್‌ಬುಕ್ ತುಂಬುತ್ತದೆ, ಕೈ ಪಳಗುವುದಿಲ್ಲ. ಮೂರನೆಯ ವರ್ಷದ ಇಬ್ಬರನ್ನು ಹೊರಗೆ ಚಹಾ ಅಂಗಡಿಯಲ್ಲಿ ಮಾತನಾಡಿಸಿದರೆ ಇದೆಲ್ಲ ಹತ್ತು ನಿಮಿಷದಲ್ಲಿ ತಿಳಿಯುತ್ತದೆ.

ಶುಲ್ಕದ ಪಟ್ಟಿಯನ್ನು ಇಡೀ ಕೋರ್ಸಿಗೆ ಬರೆದುಕೊಡಲು ಹೇಳಿ. ಟ್ಯೂಷನ್ ಫೀ ಕಡಿಮೆ ತೋರಿಸಿ ಯೂನಿಫಾರ್ಮ್, ಪರೀಕ್ಷೆ, ಆಸ್ಪತ್ರೆಗೆ ಹೋಗುವ ಬಸ್ಸು, ಹೊರ ಆಸ್ಪತ್ರೆಯ ಪೋಸ್ಟಿಂಗ್, ಕಡ್ಡಾಯ ಹಾಸ್ಟೆಲ್ ಎಂದು ಆಮೇಲೆ ಸೇರಿಸುವುದುಂಟು. ಮದುವೆಯಾದವರು, ಮಕ್ಕಳಿರುವವರು ಹಾಸ್ಟೆಲ್ ವಿನಾಯಿತಿಯನ್ನು ಸೇರುವ ಮುಂಚೆಯೇ ಪತ್ರದಲ್ಲಿ ಪಡೆಯಬೇಕು. ಮೂಲ ದಾಖಲೆ ಕೊಟ್ಟರೆ ಸ್ವೀಕೃತಿ ಪತ್ರ ಕೇಳಿ ಪಡೆಯಿರಿ. ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸು ಮುಗಿಯಲು ಆರು ತಿಂಗಳು ಬೇಕು (0, 1, 6ನೇ ತಿಂಗಳು). ವಾರ್ಡಿಗೆ ಕಾಲಿಡುವ ಮುಂಚೆ ಶುರುಮಾಡಿ. ಹಗಲು ಕ್ಲಾಸು, ಪೋಸ್ಟಿಂಗ್, ನಡುನಡುವೆ ನೈಟ್ ಡ್ಯೂಟಿ ಇರುವುದರಿಂದ ಪೂರ್ಣಾವಧಿ ಕೆಲಸ ಜೊತೆಗಿಟ್ಟುಕೊಳ್ಳಲಾಗದು. ಆ ವರ್ಷಗಳ ಮನೆಖರ್ಚನ್ನು ಮೊದಲೇ ಕೂಡಿಡಬೇಕು.

ವಯಸ್ಸು ಮತ್ತೆ ಅಡ್ಡ ಬರುವುದು ಕೆಲಸ ಹುಡುಕುವಾಗ. ಏಮ್ಸ್‌ನ ನರ್ಸಿಂಗ್ ಆಫೀಸರ್ ನೇಮಕಾತಿಯ ನಾರ್ಸೆಟ್ ಪರೀಕ್ಷೆಗೆ ಸಾಮಾನ್ಯ ವರ್ಗದ ಮಿತಿ 30. ಜಿಎನ್‌ಎಂನವರಿಗೆ ಅದರ ಮೇಲೆ 50 ಹಾಸಿಗೆಯ ಆಸ್ಪತ್ರೆಯಲ್ಲಿ ಎರಡು ವರ್ಷದ ಅನುಭವವೂ ಬೇಕು. 28ಕ್ಕೆ ಓದಲು ಸೇರುವ, ಮೀಸಲಾತಿ ಸಡಿಲಿಕೆ ಇಲ್ಲದವರು ಈ ಬಾಗಿಲನ್ನು ಲೆಕ್ಕದಿಂದ ಬಿಟ್ಟೇ ಯೋಜನೆ ಹಾಕಬೇಕು. ಬ್ರಿಟನ್ನಿಗೆ ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್‌ನಲ್ಲಿ ಬರವಣಿಗೆಗೆ 6.5, ಉಳಿದವಕ್ಕೆ 7, ಅಥವಾ ಆರೋಗ್ಯ ವೃತ್ತಿಯವರ ಇಂಗ್ಲಿಷ್ ಪರೀಕ್ಷೆಯಾದ ಒಇಟಿ. ಆಮೇಲೆ ಸಿಬಿಟಿ (ಕಂಪ್ಯೂಟರಿನಲ್ಲಿ ಬರೆಯುವ ಪರೀಕ್ಷೆ) ಮತ್ತು ಆಸ್ಕಿ (ಪ್ರಾಕ್ಟಿಕಲ್ ಪರೀಕ್ಷೆ). ಅಮೆರಿಕಕ್ಕೆ ನರ್ಸ್ ಪರವಾನಗಿಯ ಪರೀಕ್ಷೆ ಎನ್‌ಕ್ಲೆಕ್ಸ್, ಅದನ್ನು ಬೆಂಗಳೂರಿನಲ್ಲೇ ಬರೆಯಬಹುದು. ಜರ್ಮನಿಗೆ ಬಿ2 ಮಟ್ಟದ ಜರ್ಮನ್ ಭಾಷೆ. ಹಿಂದಿನ ಕೆಲಸದಲ್ಲಿ ಇಂಗ್ಲಿಷ್ ರೂಢಿಯಾಗಿರುವವರಿಗೆ ಇಲ್ಲಿ ನಿಜವಾದ ಅನುಕೂಲವಿದೆ.

1947ರ ನರ್ಸಿಂಗ್ ಕೌನ್ಸಿಲ್ ಕಾಯ್ದೆಯ ಬದಲಿಗೆ 2023ರಲ್ಲಿ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗದ ಕಾಯ್ದೆ ಬಂದಿದೆ, ಏಕರೂಪ ಪ್ರವೇಶ ಪರೀಕ್ಷೆಯೂ ಅದರಲ್ಲಿದೆ. ಹಾಗಾಗಿ ಮೇಲಿನ ಅರ್ಹತೆಗಳನ್ನು ನೀವು ಸೇರುವ ವರ್ಷದ ಅಧಿಸೂಚನೆಯೊಂದಿಗೆ ತಾಳೆ ನೋಡಿ. ಕೋರ್ಸು ಮುಗಿದ ಮೇಲೆ ರಾಜ್ಯ ಕೌನ್ಸಿಲ್ ನೋಂದಣಿ, ಎನ್‌ಯುಐಡಿ (ನರ್ಸ್‌ಗಳ ರಾಷ್ಟ್ರೀಯ ಗುರುತು) ಸಂಖ್ಯೆ ಮಾಡಿಸಿಕೊಳ್ಳಿ. ಪ್ರತಿ ವಿಷಯದ ಥಿಯರಿ, ಕ್ಲಿನಿಕಲ್ ಗಂಟೆಗಳನ್ನು ಬೇರೆಬೇರೆ ತೋರಿಸುವ ಟ್ರಾನ್ಸ್‌ಕ್ರಿಪ್ಟ್‌ನ ಎರಡು ಮೂರು ಮೊಹರಾದ ಪ್ರತಿಗಳನ್ನು ಕಾಲೇಜು ಬಿಡುವಾಗಲೇ ಪಡೆಯಿರಿ. ವಿದೇಶಿ ಕೌನ್ಸಿಲ್‌ಗಳು ಕೇಳುವುದು ಅದನ್ನೇ, ಮತ್ತು ಐದಾರು ವರ್ಷ ಕಳೆದು ಕೇಳಲು ಹೋದರೆ ಹಳೆಯ ದಾಖಲೆ ಹುಡುಕಿಕೊಡುವವರು ಸಿಗುವುದು ಕಷ್ಟ.