ಹರಡಿದ ಬಡಾವಣೆಯೋ, ಒತ್ತಾದ ಹಳೆಯ ಪೇಟೆಯೋ: ಕರಾವಳಿ ನಗರದಲ್ಲಿ ಮನೆ ಹುಡುಕುವವರಿಗೆ

ಹೊರವಲಯದ ಬಡಾವಣೆ ನೋಡಲು ಚೆಂದ: ಅಗಲ ರಸ್ತೆ, ಧಾರಾಳ ಗಾಳಿ. ಆದರೆ ಅದು ಎಷ್ಟೋ ಸಲ ಜೌಗು ನೆಲಕ್ಕೆ ಮಣ್ಣು ಸುರಿದು ಎಬ್ಬಿಸಿದ ಜಾಗ. ಮಳೆಯನ್ನು ಹೀರಿಕೊಳ್ಳುತ್ತಿದ್ದ ನೆಲಕ್ಕೆ ಕಾಂಕ್ರೀಟ್ ಹೊದಿಸಿದರೆ ನೀರು ಎಲ್ಲಿಗೆ ಹೋಗಬೇಕು? 2017ರ ಹಾರ್ವೆ ಚಂಡಮಾರುತದಲ್ಲಿ ಅಮೆರಿಕದ ಹ್ಯೂಸ್ಟನ್‌ನ ಸಾವಿರಾರು ಮನೆಗಳು ಮುಳುಗಿದವು. ಅವು ನೆರೆನೀರು ನಿಲ್ಲಿಸಲೆಂದೇ ಕಟ್ಟಿದ ಎರಡು ಜಲಾಶಯಗಳ ಪಾತ್ರದೊಳಗೆ ಎದ್ದಿದ್ದ ಮನೆಗಳು. ಇಂಥ ಜಾಗವನ್ನು ಮಾರುವುದೇ ಅನ್ಯಾಯ ಎಂಬುದು ನನ್ನ ಖಚಿತ ಅಭಿಪ್ರಾಯ.

ಒತ್ತಾದ ಪೇಟೆ ಕಡಿಮೆ ನೆಲದಲ್ಲಿ ಹೆಚ್ಚು ಜನರಿಗೆ ಆಸರೆ ಕೊಡುತ್ತದೆ. ಸುತ್ತಲಿನ ಜೌಗು ಉಳಿಯುತ್ತದೆ. ಅದರ ತೊಡಕು ಹಳೆಯ ಕಿರಿದಾದ ಚರಂಡಿಗಳು, ಜೊತೆಗೆ ಕೊಳವೆಬಾವಿಗಳು. ಅಂತರ್ಜಲವನ್ನು ಮಿತಿಮೀರಿ ಎತ್ತಿದ್ದರಿಂದ ಇಂಡೊನೇಷ್ಯಾದ ಉತ್ತರ ಜಕಾರ್ತದ ನೆಲ ಕುಸಿದು, ಕೆಲವೆಡೆ ತಡೆಗೋಡೆಯಾಚೆಗಿನ ಸಮುದ್ರ ಈಚೆಗಿನ ಬೀದಿಗಿಂತ ಎತ್ತರದಲ್ಲಿದೆ.

ಎರಡರಲ್ಲಿ ನನ್ನ ಒಲವು ಎತ್ತರದ ನೆಲದ ಮೇಲಿರುವ ಹಳೆಯ ಪೇಟೆಗೆ, ನೀರಿಗೆ ಬಯಲು ಬಿಟ್ಟಿದ್ದರೆ ಇನ್ನೂ ಒಳ್ಳೆಯದು. ನೆದರ್‌ಲ್ಯಾಂಡ್ಸ್‌ನ ರಾಟರ್‌ಡ್ಯಾಮ್‌ನಲ್ಲಿ 2013ರಲ್ಲಿ ತೆರೆದ ಒಂದು ಚೌಕದಲ್ಲಿ ಆಟದ ಅಂಕಣವೇ ಜೋರು ಮಳೆ ಬಂದಾಗ ನೀರು ಹಿಡಿಯುವ ತೊಟ್ಟಿ.

ಮುಂಗಡ ಕೊಡುವ ಮೊದಲು ಪಕ್ಕದ ಖಾಲಿ ನಿವೇಶನ ನೋಡಿ. ಅಲ್ಲಿ ಜೊಂಡು ಬೆಳೆದಿದ್ದರೆ ಅದು ನೀರಿನ ಜಾಗ. ಕಾಂಪೌಂಡ್ ಗೋಡೆಯ ಮೇಲಿನ ಕಂದು ಗೆರೆಯನ್ನೂ ಗಮನಿಸಿ, ಅದು ಹಿಂದೆ ನೀರು ನಿಂತ ಗುರುತಿರಬಹುದು. ಭರತದ ಹೊತ್ತಿನಲ್ಲಿ ಮಳೆ ಬಂದಾಗ ಇನ್ನೊಮ್ಮೆ ಹೋಗಿ: ಸಮುದ್ರ ಏರಿದಾಗ ಚರಂಡಿಯ ನೀರು ಹೊರಹೋಗದೆ ಹಿಂದಕ್ಕೆ ನುಗ್ಗುವುದು ಆಗಲೇ ಕಾಣುವುದು.